ಮನೆಗೆ ಮಾರಿ, ಊರಿಗೆ ಉಪಕಾರಿ? ಕುವೈತ್‌ನ ಸಾಲಮನ್ನಾ ಜಗಳ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಕುವೈತ್‌ನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನಮ್ಮ ಕಚೇರಿಯ ಕುವೈತಿ ಸಹೋದ್ಯೋಗಿಗಳದ್ದು ಯಾವಾಗಲೂ ಒಂದೇ ಗೊಣಗಾಟ: “ಈಜಿಪ್ಟಿಗೆ, ಜೋರ್ಡಾನಿಗೆ ಕೋಟಿಗಟ್ಟಲೆ ಕೊಡುತ್ತಾರೆ. ನಮ್ಮ ಬ್ಯಾಂಕ್ ಸಾಲ ಮನ್ನಾ ಮಾಡಿ ಎಂದರೆ ಮಾತ್ರ ಖಜಾನೆ ಖಾಲಿ.” ಕೇಳುತ್ತಾ ಕೇಳುತ್ತಾ ನನಗೂ ಅವರ ಮಾತೇ ಸರಿ ಅನಿಸತೊಡಗಿದೆ. ಇಷ್ಟು ತೈಲ ಇಟ್ಟುಕೊಂಡ ದೇಶಕ್ಕೆ ತನ್ನ ಹದಿನೈದು ಲಕ್ಷ ಪ್ರಜೆಗಳ ಸಾಲ ತೀರಿಸುವುದು ಅಷ್ಟು ಕಷ್ಟವೇ? ಹಾಗೇನಾದರೂ ಆದರೆ ನಮ್ಮಂಥವರ ಸಾಲಕ್ಕೂ ಏನಾದರೂ ಅನುಕೂಲವಾದೀತೇ?

ಉತ್ತರ: ನಿಮ್ಮ ಸಹೋದ್ಯೋಗಿಗಳು ಹೇಳುವುದನ್ನು ಕನ್ನಡದಲ್ಲಿ ಹೇಳಿದರೆ ಮನೆಗೆ ಮಾರಿ, ಊರಿಗೆ ಉಪಕಾರಿ. ಅರಬರಲ್ಲೂ ಇದಕ್ಕೆ ಹೊಂದುವ ಗಾದೆಯಿದೆ: ಜುಹಾನ ಎತ್ತಿನ ಮಾಂಸಕ್ಕೆ ಜುಹಾನೇ ಮೊದಲ ಹಕ್ಕುದಾರ. (ಜುಹಾ ಅರಬರ ಹಾಸ್ಯಕತೆಗಳ ಪಾತ್ರ.) ಸಂಜೆ ಹೊತ್ತು ದಿವಾನಿಯಾಗಳಲ್ಲಿ, ಅಂದರೆ ಮನೆಯ ಹರಟೆಕೋಣೆಗಳಲ್ಲಿ, ಗಾವಾ (ಅರಬ್ಬಿ ಕಾಫಿ) ಹೀರುತ್ತಾ ಕೂತವರು ಈ ಗಾದೆ ಎತ್ತಿದರೆ, ಮಾತು ಬೇಗ ಇಸ್ಕಾತ್ ಅಲ್ ಕುರೂದ್ ಕಡೆಗೆ, ಅಂದರೆ ಸಾಲಮನ್ನಾದ ಕಡೆಗೆ ತಿರುಗುತ್ತದೆ. (ಇಲ್ಲಿ ‘ದ’ ತುಸು ಗಂಟಲಿಂದ ಬರಬೇಕು. ಹಗುರವಾಗಿ ಉಚ್ಚರಿಸಿದರೆ ಅರಬ್ಬಿಯಲ್ಲಿ ಕುರೂದ್ ಎಂದರೆ ಮಂಗಗಳು. ಕನ್ನಡ ಲಿಪಿಯಲ್ಲಿ ಸಾಲಕ್ಕೂ ಮಂಗಕ್ಕೂ ಒಂದೇ ಅಕ್ಷರ. ಕಚೇರಿಯಲ್ಲಿ ಈ ಮಾತು ಎತ್ತುವಾಗ ಜೋಪಾನ.)

ನೀವು ಲೆಕ್ಕದವರು, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ನಿಮ್ಮ ಸಹೋದ್ಯೋಗಿಗಳ ಕೂಡು ಕಳೆ ತಪ್ಪಿದೆ. ಅವರ ಸಿಟ್ಟು ಮಾತ್ರ ಪೂರ್ತಿ ತಪ್ಪಲ್ಲ.

ಹೊರದೇಶಕ್ಕೆ ಹೋಗುವ ಹಣದಿಂದ ಶುರುಮಾಡೋಣ. ಕುವೈತ್ ಸ್ವತಂತ್ರವಾದದ್ದು 1961ರ ಜೂನ್ 19ಕ್ಕೆ. ಅದೇ ವರ್ಷ ಮುಗಿಯುವ ದಿನ, ಡಿಸೆಂಬರ್ 31ರಂದು, ಅರಬ್ ಆರ್ಥಿಕ ಅಭಿವೃದ್ಧಿಯ ಕುವೈತ್ ಫಂಡ್ ಹುಟ್ಟಿತು. ಒಂದು ದೇಶ ಇನ್ನೂ ತನ್ನ ರಸ್ತೆ, ಆಸ್ಪತ್ರೆ ಕಟ್ಟಿಕೊಳ್ಳುತ್ತಿರುವಾಗಲೇ ಬೇರೆಯವರಿಗೆ ಸಾಲ ಕೊಡುವ ಸಂಸ್ಥೆ ತೆರೆದದ್ದು ಆಗ ಜಗತ್ತಿಗೆ ಹೊಸದು. ಮೊದಲು ಅರಬ್ ದೇಶಗಳಿಗಷ್ಟೇ ಕೊಡುತ್ತಿದ್ದರು. 1973ರಲ್ಲಿ ತೈಲದ ಬೆಲೆ ನೆಗೆದ ಮೇಲೆ, 1974ರಲ್ಲಿ, ಎಲ್ಲ ಬಡ ದೇಶಗಳಿಗೂ ಬಾಗಿಲು ತೆರೆದರು. ಹೀಗೆ ತೆರೆದ ಬಾಗಿಲಿನಿಂದ ಒಂದು ಸಾಲ ಉತ್ತರ ಕನ್ನಡದ ಕಾಡಿಗೂ ಬಂತು. ಕಾಳಿ ನದಿ ಜಲವಿದ್ಯುತ್ ಯೋಜನೆಗೆ ಹಣ ಕೊಟ್ಟವರಲ್ಲಿ ಕುವೈತ್ ಫಂಡ್ ಕೂಡ ಒಂದು. ಸೂಪಾ ಅಣೆಕಟ್ಟು, ನಾಗಝರಿ ವಿದ್ಯುದಾಗಾರಗಳ ಹೆಸರು ಕೇಳಿದಾಗ ಅದರ ಹಿಂದೆ ಕುವೈತಿ ದಿನಾರ್ ಇತ್ತು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಹೊಳೆದೀತು!

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಅದು ದಾನವಲ್ಲ, ಸಾಲ. ಬಡ್ಡಿ ಕಡಿಮೆ, ಅವಧಿ ದೀರ್ಘ, ಆದರೆ ಅಸಲು ವಾಪಸು ಬರಲೇಬೇಕು. ಹಾಗೆ ಬಂದ ಹಣ ಮತ್ತೊಂದು ದೇಶದ ಬಂದರಿಗೋ ರಸ್ತೆಗೋ ಹೋಗುತ್ತದೆ. ಸರ್ಕಾರ ಹಿಂದೆ ಕೊಟ್ಟ ಬಂಡವಾಳವನ್ನೇ ತಿರುಗಿಸಿ ತಿರುಗಿಸಿ ನಡೆಯುವ ವ್ಯವಹಾರ ಇದು. ಜೊತೆಗೆ ಫಂಡ್‌ನ ನಿವ್ವಳ ಲಾಭದಲ್ಲಿ ಕಾಲು ಭಾಗದವರೆಗೆ ಕುವೈತ್‌ನ ವಸತಿ ಸಂಸ್ಥೆಗೆ ಸೇರುತ್ತದೆ. ಅಂದರೆ ಹೊರಗೆ ಕೊಟ್ಟ ಸಾಲದ ಲಾಭದಲ್ಲಿ ಒಂದು ಪಾಲು ತಿರುಗಿ ಕುವೈತಿ ಪ್ರಜೆಯ ಮನೆಗೇ ಬರುತ್ತಿದೆ. ನಿಮ್ಮ ಸಹೋದ್ಯೋಗಿಗಳು ಈ ಮಾತು ಎತ್ತಿದ್ದನ್ನು ನೀವು ಕೇಳಿರಲಾರಿರಿ.

ಇನ್ನು ಈಜಿಪ್ಟಿನ ವಿಚಾರ. 2013ರ ಜುಲೈಯಲ್ಲಿ ಅಲ್ಲಿ ಮೊರ್ಸಿ ಸರ್ಕಾರ ಉರುಳಿದ ಕೆಲವೇ ದಿನಗಳಲ್ಲಿ ಕುವೈತ್ 4 ಬಿಲಿಯನ್ ಡಾಲರ್ ಘೋಷಿಸಿತು. ಪತ್ರಿಕೆಗಳ ತಲೆಬರಹದಲ್ಲಿ ಉಳಿದದ್ದು ಆ ಮೊತ್ತವೇ. ಬಿಡಿಸಿ ನೋಡಿದರೆ 1 ಬಿಲಿಯನ್ ಅನುದಾನ, 1 ಬಿಲಿಯನ್ ಬೆಲೆಯ ತೈಲ ಉತ್ಪನ್ನ, ಉಳಿದ 2 ಬಿಲಿಯನ್ ಈಜಿಪ್ಟಿನ ಕೇಂದ್ರ ಬ್ಯಾಂಕಿನಲ್ಲಿ ಇಟ್ಟ ಠೇವಣಿ. ಠೇವಣಿ ಕುವೈತ್‌ನ ಹೆಸರಲ್ಲೇ ಇರುತ್ತದೆ. ಬೇಕೆಂದಾಗ ತೆಗೆಯಲು ಬಿಡುತ್ತಾರೆಯೇ ಎಂದು ಕೇಳಿದರೆ, ಸರಿಯಾದ ಪ್ರಶ್ನೆ. ಅವಧಿ ಮುಗಿದಾಗಲೆಲ್ಲ ನವೀಕರಿಸುತ್ತಾ ಹೋಗುವುದೇ ಇಂಥ ಠೇವಣಿಗಳ ಹಣೆಬರಹ. ಆದರೂ ಕಾಗದದಲ್ಲಿ ಅದು ಆಸ್ತಿ, ಖರ್ಚಲ್ಲ. 2018ರ ಫೆಬ್ರವರಿಯಲ್ಲಿ ಇರಾಕ್ ಮರುನಿರ್ಮಾಣದ ಸಮ್ಮೇಳನ ಕುವೈತ್‌ನಲ್ಲೇ ನಡೆದಾಗಲೂ ಹೀಗೇ. ಘೋಷಿಸಿದ 2 ಬಿಲಿಯನ್ ಡಾಲರ್‌ನಲ್ಲಿ ಅರ್ಧ ಸಾಲ, ಇನ್ನರ್ಧ ಹೂಡಿಕೆ. ಪೂರ್ತಿ ಕೈಬಿಟ್ಟು ಕೊಟ್ಟದ್ದೂ ಉಂಟು. ಸಿರಿಯಾ ನಿರಾಶ್ರಿತರಿಗಾಗಿ 2013ರಲ್ಲಿ 300 ಮಿಲಿಯನ್, 2014 ಮತ್ತು 2015ರಲ್ಲಿ ತಲಾ 500 ಮಿಲಿಯನ್ ಡಾಲರ್ ಮಾತು ಕೊಟ್ಟರು. 2014ರಲ್ಲಿ ವಿಶ್ವಸಂಸ್ಥೆ ಆಗಿನ ಅಮೀರ್ (ದೊರೆ) ಶೇಖ್ ಸಬಾಹ್ ಅವರನ್ನು ಮಾನವೀಯ ನಾಯಕ ಎಂದು ಗೌರವಿಸಿದ್ದು ಈ ಹಿನ್ನೆಲೆಯಲ್ಲಿ. 2021ರ ಮೇ ತಿಂಗಳಲ್ಲಿ ನಮ್ಮಲ್ಲಿ ಕೊರೋನಾ ಎರಡನೇ ಅಲೆಗೆ ಜನ ಉಸಿರಿಲ್ಲದೆ ಒದ್ದಾಡುತ್ತಿದ್ದಾಗ ಕುವೈತ್‌ನ ಆಮ್ಲಜನಕ ನಮ್ಮ ನೌಕಾಪಡೆಯ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದು ಇಳಿಯಿತು. ಅದಕ್ಕೆ ಯಾರೂ ಬಡ್ಡಿ ಕೇಳಲಿಲ್ಲ.

ಇಷ್ಟೆಲ್ಲ ಯಾಕೆ ಕೊಡಬೇಕು? ಮರುಕವೂ ಇದೆ, ಧರ್ಮವೂ ಇದೆ. ಆದರೆ ನನ್ನ ಪ್ರಕಾರ ಮೂಲ ಕಾರಣ ಭಯ. ಭೂಪಟ ತೆಗೆದು ನೋಡಿ. ಉತ್ತರಕ್ಕೆ ಇರಾಕ್, ದಕ್ಷಿಣಕ್ಕೆ ಸೌದಿ, ನೀರಾಚೆ ಇರಾನ್, ನಡುವೆ ಈ ಪುಟ್ಟ ನಾಡು. ಸ್ವಾತಂತ್ರ್ಯ ಬಂದು ವಾರವಾಗುವ ಹೊತ್ತಿಗೆ ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ “ಕುವೈತ್ ನಮ್ಮದು” ಎಂದು ಹಕ್ಕು ಸಾಧಿಸಿದ. ಕಾಸಿಂ ಸತ್ತ ಮೇಲೆ 1963ರ ಅಕ್ಟೋಬರ್‌ನಲ್ಲಿ ಇರಾಕ್ ಕುವೈತನ್ನು ಮಾನ್ಯ ಮಾಡಿತು. ಆ ಹೊತ್ತಿಗೇ ಕುವೈತ್ ಇರಾಕಿಗೆ 30 ಮಿಲಿಯನ್ ದಿನಾರ್ ಬಡ್ಡಿರಹಿತ ಸಾಲ ಕೊಟ್ಟಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನಂಬುವವರು ನಂಬಬಹುದು. ಸೈನ್ಯ ಕಟ್ಟಿ ಗಡಿ ಕಾಯಲಾಗದವನು ಸ್ನೇಹಿತರನ್ನು ಸಂಪಾದಿಸಿ ಕಾಯುತ್ತಾನೆ. ವಿಮೆಯ ಕಂತಿನ ಹಾಗೆ.

ಆ ವಿಮೆ ಫಲ ಕೊಟ್ಟಿತೇ? ಒಂದು ಕಡೆ ಕೊಟ್ಟಿತು, ಒಂದು ಕಡೆ ಕಚ್ಚಿತು. ಇರಾನ್ ವಿರುದ್ಧದ ಎಂಟು ವರ್ಷಗಳ ಯುದ್ಧದಲ್ಲಿ ಕುವೈತ್ ಸದ್ದಾಂ ಹುಸೇನನಿಗೆ ಬಿಲಿಯನ್‌ಗಟ್ಟಲೆ ಸಾಲ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ “ನಿಮ್ಮನ್ನೂ ಸೇರಿಸಿ ಕಾಪಾಡಿದ್ದೇನೆ, ಸಾಲ ಬಿಟ್ಟುಬಿಡಿ” ಎಂದು ಆತ ಹಠ ಹಿಡಿದ. ಕುವೈತ್ ಬಿಡಲಿಲ್ಲ. 1990ರ ಆಗಸ್ಟ್ 2ರಂದು ಅವನ ಟ್ಯಾಂಕುಗಳು ಒಳಬಂದದ್ದಕ್ಕೆ ತೈಲದ ಬೆಲೆ, ಗಡಿಯ ತಕರಾರು ಎಲ್ಲ ಕಾರಣಗಳೇ. ಆದರೆ ಆ ಮನ್ನಾ ಆಗದ ಸಾಲವೂ ಪಟ್ಟಿಯಲ್ಲಿ ಮೇಲೆಯೇ ಇದೆ. ಏಳು ತಿಂಗಳು ದೇಶವೇ ಇಲ್ಲದಾದಾಗ ಜಗತ್ತಿನ ಬಹುಪಾಲು ದೇಶಗಳು ಕುವೈತ್‌ನ ಪರ ನಿಂತವು. ವರ್ಷಗಟ್ಟಲೆ ನೆರವು ಪಡೆದಿದ್ದ ಜೋರ್ಡಾನ್, ಯೆಮನ್, ಪಿಎಲ್‌ಒ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಮಾತ್ರ ಇರಾಕಿನ ಕಡೆ ವಾಲಿದವು. ಆ ಗಾಯ ಇನ್ನೂ ಮಾಸಿಲ್ಲ. ನಿಮ್ಮ ಸಹೋದ್ಯೋಗಿ ಜೋರ್ಡಾನಿನ ಹೆಸರು ಹೇಳುವಾಗ ದನಿ ಬದಲಾಗುತ್ತದಲ್ಲ, ಅದರ ಹಿಂದೆ ಇರುವುದು ಸಾಲದ ಲೆಕ್ಕ ಮಾತ್ರವಲ್ಲ, 1990 ಕೂಡ.

ಈಗ ಮನೆಯೊಳಗಿನ ಲೆಕ್ಕಕ್ಕೆ ಬರೋಣ. “ನಮಗೇನೂ ಕೊಟ್ಟಿಲ್ಲ” ಎಂಬ ಮಾತನ್ನು ಕುವೈತ್‌ನ ಇತಿಹಾಸ ಒಪ್ಪುವುದಿಲ್ಲ. ಸಾಲಮನ್ನಾದ ಪರಂಪರೆಯನ್ನು ಇಷ್ಟು ಉದಾರವಾಗಿ ನಡೆಸಿಕೊಂಡು ಬಂದ ದೇಶ ಕಡಿಮೆ. 1982ರಲ್ಲಿ ಸೂಕ್ ಅಲ್ ಮನಾಖ್ ಎಂಬ ಖಾಸಗಿ ಷೇರು ಪೇಟೆ ಕುಸಿಯಿತು. ಒಂಟೆ ವ್ಯಾಪಾರಕ್ಕೆ ಹೆಸರಾಗಿದ್ದ ಜಾಗದಲ್ಲಿ ಹವಾನಿಯಂತ್ರಿತ ಕಟ್ಟಡ ಎದ್ದು, ಒಳಗೆ ಜನ ಮುಂದಿನ ತಾರೀಕಿನ ಚೆಕ್ ಕೊಟ್ಟು ಷೇರು ಕೊಳ್ಳುತ್ತಿದ್ದರು. ಯಾರೋ ಒಬ್ಬರು ಚೆಕ್ಕನ್ನು ನಗದು ಮಾಡಲು ಹೋದರು, ಹಣವಿರಲಿಲ್ಲ, ಸಾಲಾಗಿ ಎಲ್ಲವೂ ಉರುಳಿದವು. ಬಾಕಿ ಚೆಕ್ಕುಗಳ ಮುಖಬೆಲೆ ಕೂಡಿಸಿದಾಗ ಬಂದ ಮೊತ್ತ ಸುಮಾರು 94 ಬಿಲಿಯನ್ ಡಾಲರ್! ಸರ್ಕಾರ ಸಣ್ಣ ಹೂಡಿಕೆದಾರರ ಕೈ ಹಿಡಿಯಿತು. ದೊಡ್ಡವರ ಸಾಲ ಬ್ಯಾಂಕುಗಳಲ್ಲಿ ಕೊಳೆಯುತ್ತಾ ಬಿತ್ತು. 1991ರಲ್ಲಿ ವಿಮೋಚನೆಯಾದ ಕೂಡಲೇ ಪ್ರಜೆಗಳ ಗ್ರಾಹಕ ಸಾಲ, ಮನೆ ಸಾಲ ಮನ್ನಾ ಆದವು. ಆಕ್ರಮಣದ ತಿಂಗಳುಗಳ ಸಂಬಳವನ್ನೂ ಕೊಟ್ಟರು. ನಂತರ 1993ರ ಕಾನೂನಿನ ಮೂಲಕ ಆ ಕೊಳೆತ ದೊಡ್ಡ ಸಾಲಗಳನ್ನು ಸರ್ಕಾರ ಬ್ಯಾಂಕುಗಳಿಂದ ಬಾಂಡ್ ಕೊಟ್ಟು ಕೊಂಡುಕೊಂಡು, ಸಾಲಗಾರರಿಗೆ ರಿಯಾಯಿತಿಯ ಕಂತು ಮಾಡಿಕೊಟ್ಟಿತು. ಅದರಲ್ಲಿ ಹೆಚ್ಚು ಉಳಿಸಿಕೊಂಡವರು ದೊಡ್ಡ ವರ್ತಕ ಮನೆತನಗಳು. ಮುಂದೆ ಸಾಮಾನ್ಯ ಸಂಬಳದಾರ “ಅವರಿಗಾದರೆ ನನಗೇಕಿಲ್ಲ?” ಎಂದು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ದಿವಾನಿಯಾದ ಸಿಟ್ಟಿನ ಬೇರು ಈಜಿಪ್ಟಿನಲ್ಲಿಲ್ಲ, ಇಲ್ಲೇ ಇದೆ ಎಂಬುದು ನನ್ನ ಅನಿಸಿಕೆ.

2011ರಲ್ಲಿ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಪ್ರತಿ ಪ್ರಜೆಗೂ, ಆಗತಾನೇ ಹುಟ್ಟಿದ ಕೂಸಿಗೂ ಸೇರಿ, 1,000 ದಿನಾರ್ ಮತ್ತು ಹದಿನಾಲ್ಕು ತಿಂಗಳ ಉಚಿತ ರೇಷನ್ ಸಿಕ್ಕಿತು. ಆ ಕಾಲದ ಖರ್ಚಿನ ಭರಾಟೆ ನೋಡಲಾರದೆ ಕಾಲು ಶತಮಾನ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಶೇಖ್ ಸಾಲಿಂ ಅಬ್ದುಲ್ ಅಜೀಜ್ ಅಲ್ ಸಬಾಹ್ 2012ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಎದ್ದುಹೋದರು. ರಾಜಮನೆತನದವರೇ ಹೀಗೆ ಮಾಡುವುದು ಅಪರೂಪ.

2013ರಲ್ಲಿ ಬಂದದ್ದು ಕುಟುಂಬ ನಿಧಿ. ಅದರ ಹಿನ್ನೆಲೆಯಲ್ಲಿ ನ್ಯಾಯವಾದ ದೂರೊಂದಿತ್ತು. 2000ದ ದಶಕದಲ್ಲಿ ಸಾಲ ಮಾಡಿದವರಿಗೆ ಬಡ್ಡಿ ದರ ಏರುತ್ತಾ ಹೋಗಿ, ಕಟ್ಟಿದಷ್ಟೂ ಅಸಲು ಕರಗದೆ ಕಂತು ಬೆಳೆಯುತ್ತಿತ್ತು. ಬ್ಯಾಂಕುಗಳ ಮೇಲೆ ಹಿಡಿತವೂ ಸಡಿಲವಾಗಿತ್ತು. 2008ರ ಮಾರ್ಚ್ ಅಂತ್ಯದೊಳಗೆ ಪಡೆದ ಇಂಥ ಸಾಲಗಳನ್ನು ಸರ್ಕಾರ ಕೊಂಡು, ಬಡ್ಡಿ ಬಿಟ್ಟು, ಅಸಲನ್ನು ಹದಿನೈದು ವರ್ಷಗಳ ಸಣ್ಣ ಕಂತುಗಳಾಗಿ ಮುರಿದು ಕೊಟ್ಟಿತು. ಅಂದಾಜು ವೆಚ್ಚ 744 ಮಿಲಿಯನ್ ದಿನಾರ್, ಆಗಿನ ದರದಲ್ಲಿ 2.6 ಬಿಲಿಯನ್ ಡಾಲರ್. ಇದಕ್ಕೆ ಮೂರು ವರ್ಷ ಮೊದಲು, 2010ರಲ್ಲಿ, ಇದಕ್ಕಿಂತ ಬಹಳ ದೊಡ್ಡ ಮಸೂದೆಯನ್ನು ಸಂಸತ್ತು ಒಪ್ಪಿದಾಗ ಸರ್ಕಾರ ತಿರಸ್ಕರಿಸಿತ್ತು. ತಪ್ಪು ನಡೆದ ಅವಧಿ ಗುರುತಿಸಿ, ಅಸಲು ಉಳಿಸಿಕೊಂಡು, ಬಡ್ಡಿ ಮಾತ್ರ ಬಿಡುವುದು ನನ್ನ ಕಣ್ಣಿಗೆ ಒಪ್ಪುವ ಮಾದರಿ.

2023ರ ಬೇಡಿಕೆ ಆ ಜಾತಿಯದ್ದಲ್ಲ. ಯುಕ್ರೇನ್ ಯುದ್ಧದಿಂದ ತೈಲ 100 ಡಾಲರ್ ದಾಟಿ, ವರ್ಷಗಟ್ಟಲೆ ಕೊರತೆಯಲ್ಲಿದ್ದ ಬಜೆಟ್ ಮಿಗತೆ ಕಂಡ ಸಮಯ. ಪ್ರಜೆಗಳ ಸಾಲವನ್ನು ಸರ್ಕಾರವೇ ಕೊಳ್ಳಲಿ ಎಂಬ ಪ್ರಸ್ತಾವ ಸಂಸತ್ತಿಗೆ ಬಂತು. ಜನವರಿ 10ರಂದು ಮಂತ್ರಿಗಳು ಸದನದಿಂದ ಎದ್ದು ನಡೆದರು, ಎರಡು ವಾರದೊಳಗೆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಗ ಸರ್ಕಾರ ಹೇಳಿದ ಮೊತ್ತ 14 ಬಿಲಿಯನ್ ದಿನಾರ್, ಅಂದರೆ 45 ಬಿಲಿಯನ್ ಡಾಲರ್‌ಗೂ ಮೇಲೆ. ಸರ್ಕಾರ ತನ್ನ ವಾದಕ್ಕೆ ತಕ್ಕಂತೆ ಸ್ವಲ್ಪ ಉಬ್ಬಿಸಿರಬಹುದು, ಇರಲಿ. ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆದುಕೊಳ್ಳಿ: ಕುವೈತ್ ಫಂಡ್ ಅರವತ್ತು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಕೊಟ್ಟ ಸಾಲಗಳ ಒಟ್ಟು ಮೊತ್ತ 20 ಬಿಲಿಯನ್ ಡಾಲರ್ ಆಸುಪಾಸು. ಹಣಕಾಸು ಇಲಾಖೆಯ ಮೂಲಕ ನೇರವಾಗಿ ಹೋದ ಅನುದಾನ, ಠೇವಣಿಗಳು ಬೇರೆ, ನಿಜ. ಆದರೂ ಫಂಡ್ ಅರವತ್ತು ವರ್ಷಗಳಲ್ಲಿ ಸಾಲವಾಗಿ ಕೊಟ್ಟದ್ದರ ಎರಡು ಪಟ್ಟನ್ನು ಒಂದೇ ಮಸೂದೆಯಲ್ಲಿ ಕೈಬಿಡಿ ಎಂಬುದು ಬೇಡಿಕೆ. “ಅಲ್ಲಿಗೆ ಕೊಡುವುದನ್ನು ನಿಲ್ಲಿಸಿ ಇಲ್ಲಿಗೆ ಕೊಡಿ” ಎಂಬ ವಾದ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಅಲ್ಲಿಗೆ ಕೊಡುವುದನ್ನು ನಿಲ್ಲಿಸಿದರೂ ಇಲ್ಲಿಯ ಗುಂಡಿ ತುಂಬುವುದಿಲ್ಲ.

ಸಾಲ ಮಾಡದವರ ಪ್ರಶ್ನೆಯೂ ಇದೆ. ಕುವೈತ್‌ನಲ್ಲಿ ಗ್ರಾಹಕ ಸಾಲಕ್ಕೆ 25,000 ದಿನಾರ್, ಮನೆ ಸಂಬಂಧಿ ಸಾಲಕ್ಕೆ 70,000 ದಿನಾರ್ ಮಿತಿ; ಕಂತು ಸಂಬಳದ ಶೇ 40 ಮೀರಬಾರದು. ಇದಲ್ಲದೆ ಸರ್ಕಾರಿ ಕ್ರೆಡಿಟ್ ಬ್ಯಾಂಕ್ ಮನೆ ಕಟ್ಟಲು ಬಡ್ಡಿಯಿಲ್ಲದೆ 70,000 ದಿನಾರ್ ಕೊಡುತ್ತದೆ. ಹೆಚ್ಚು ಸಂಬಳದವನಿಗೆ ಹೆಚ್ಚು ಸಾಲ ಹುಟ್ಟುತ್ತದೆ. ಮನ್ನಾ ಮಾಡಿದರೆ ಅವನಿಗೇ ಹೆಚ್ಚು ಲಾಭ. ಹಳೆಯ ಕಾರಿನಲ್ಲೇ ಓಡಾಡಿ ಸಾಲದ ಗೊಡವೆಗೆ ಹೋಗದ ಶಿಕ್ಷಕಿಗೆ ಏನು ಕೊಡುವಿರಿ? ಅವಳಿಗೂ ಕೊಡಬೇಕು ಎಂದರೆ ಮೊತ್ತ ಮತ್ತೆ ಏರುತ್ತದೆ. ಕೊಡುವುದಿಲ್ಲ ಎಂದರೆ ಮುಂದಿನ ಸಲ ಅವಳೂ ಬ್ಯಾಂಕಿಗೆ ಹೋಗುತ್ತಾಳೆ, ಹೇಗೂ ಒಂದು ದಿನ ಮನ್ನಾ ಆಗುತ್ತದಲ್ಲ! ನಮ್ಮ ರೈತರ ಸಾಲಮನ್ನಾಕ್ಕೂ ಇದೇ ಆಕ್ಷೇಪ ಹೇಳುವವರಿದ್ದಾರೆ. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಮಳೆ ಕೈಕೊಟ್ಟರೆ ನಮ್ಮ ರೈತನ ವರಮಾನವೇ ಹೋಗುತ್ತದೆ. ಕುವೈತಿ ಸಾಲಗಾರರಲ್ಲಿ ಹೆಚ್ಚಿನವರಿಗೆ ತಿಂಗಳ ಕೊನೆಗೆ ಸರ್ಕಾರಿ ಸಂಬಳ ತಪ್ಪುವುದಿಲ್ಲ, ಆದಾಯ ತೆರಿಗೆಯೂ ಇಲ್ಲ. ಅಲ್ಲೂ ನಿಜವಾಗಿ ಮುಳುಗಿದವರಿದ್ದಾರೆ. ಅವರನ್ನು ಗಾರಿಮೀನ್ ಎನ್ನುತ್ತಾರೆ. ಜಕಾತ್, ಅಂದರೆ ಇಸ್ಲಾಮಿನ ಕಡ್ಡಾಯ ದಾನ, ಸಲ್ಲಬೇಕಾದ ಎಂಟು ವರ್ಗಗಳಲ್ಲಿ ಒಂದು. 2025ರ ರಂಜಾನ್‌ನಲ್ಲಿ ಇವರಿಗಾಗಿಯೇ ದೇಣಿಗೆ ಎತ್ತಿ ಸಾಲ ತೀರಿಸುವ ಅಭಿಯಾನ ನಡೆಯಿತು. ಎಲ್ಲರಿಗೂ ಮನ್ನಾ ಎನ್ನುವುದಕ್ಕಿಂತ ಇದು ಎಷ್ಟೋ ಹದವಾದ ದಾರಿ.

“ಇಷ್ಟು ತೈಲ ಇರುವಾಗ” ಎಂದಿರಲ್ಲ, ಅಲ್ಲಿಗೆ ಬರುತ್ತೇನೆ. ಕುವೈತ್‌ನ ಹಣ ಎರಡು ಪೆಟ್ಟಿಗೆಗಳಲ್ಲಿದೆ. ಒಂದು ಸಾಮಾನ್ಯ ಮೀಸಲು ನಿಧಿ; ಸರ್ಕಾರದ ದಿನನಿತ್ಯದ ಕೈಚೀಲ. ಇನ್ನೊಂದು 1976ರಲ್ಲಿ ಶುರುವಾದ ಮುಂದಿನ ಪೀಳಿಗೆಗಳ ನಿಧಿ. ದಶಕಗಳ ಕಾಲ ಪ್ರತಿ ವರ್ಷದ ವರಮಾನದಲ್ಲಿ ಶೇ 10ನ್ನು ಕಣ್ಣುಮುಚ್ಚಿ ಅದಕ್ಕೆ ಹಾಕುತ್ತಿದ್ದರು. ಹೊರಗಿನವರ ಅಂದಾಜಿನಂತೆ ಈ ಎರಡನ್ನೂ ನೋಡಿಕೊಳ್ಳುವ ಹೂಡಿಕೆ ಪ್ರಾಧಿಕಾರದ ಬಳಿಯಿರುವುದು ಟ್ರಿಲಿಯನ್ ಡಾಲರ್ ಹತ್ತಿರ. ಅದರ ಬಹುಪಾಲು ಈ ಎರಡನೇ ಪೆಟ್ಟಿಗೆಯಲ್ಲಿದೆ, ಅದಕ್ಕೆ ಕೈಹಾಕುವಂತಿಲ್ಲ. ಹೀಗಾಗಿ 2020ರಲ್ಲಿ ವಿಚಿತ್ರ ನಡೆಯಿತು. ತೈಲ ಬೆಲೆ ಬಿದ್ದು ಕೈಚೀಲ ಬರಿದಾಯಿತು. ನಗದು ಉಳಿದಿರುವುದು 2 ಬಿಲಿಯನ್ ದಿನಾರ್, ಅಕ್ಟೋಬರ್ ದಾಟಿದರೆ ಸಂಬಳಕ್ಕೆ ಸಾಲದು ಎಂದು ಹಣಕಾಸು ಮಂತ್ರಿ ಬರಾಕ್ ಅಲ್ ಶೀತಾನ್ ಸಂಸತ್ತಿಗೆ ಹೇಳಿದರು. ಸಾಲ ಎತ್ತೋಣವೆಂದರೆ ಸಾರ್ವಜನಿಕ ಸಾಲದ ಕಾನೂನಿನ ಅವಧಿ 2017ರಲ್ಲೇ ಮುಗಿದಿತ್ತು, ಹೊಸದಕ್ಕೆ ಸಂಸತ್ತು ಒಪ್ಪುತ್ತಿರಲಿಲ್ಲ. ಕಣಜ ತುಂಬಿದ್ದರೂ ಬೀಗದ ಕೈ ಬೇರೆಯವರಲ್ಲಿದ್ದರೆ ಮನೆಯವರಿಗೆ ಒಪ್ಪೊತ್ತಿನ ಗಂಜಿಯೇ. ಬಜೆಟ್ಟಿನ ಸುಮಾರು ಶೇ 80 ಸಂಬಳ ಮತ್ತು ಸಬ್ಸಿಡಿಗೇ ಹೋಗುವ ದೇಶದಲ್ಲಿ ಆ ಗಂಜಿಯಿಂದ 14 ಬಿಲಿಯನ್ ತೆಗೆಯುವುದು ಹೇಗೆ?

ಮೊದಲೇ ಅಂದೆ, ಸಿಟ್ಟು ಪೂರ್ತಿ ತಪ್ಪಲ್ಲ ಎಂದು. ಅಷ್ಟು ದೊಡ್ಡ ನಿಧಿಯ ಲೆಕ್ಕವನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವುದನ್ನು 1982ರ ಹೂಡಿಕೆ ಪ್ರಾಧಿಕಾರದ ಕಾನೂನೇ ನಿಷೇಧಿಸುತ್ತದೆ. ಈಜಿಪ್ಟಿಗೆ 4 ಬಿಲಿಯನ್ ಎಂದು ಪ್ರಜೆಗೆ ಗೊತ್ತಾಗುವುದು ಘೋಷಣೆಯಾದ ಮೇಲೆ. ತನ್ನ ಅರ್ಜಿಗೆ ಮಾತ್ರ ಸಂಸತ್ತು, ಸಮಿತಿ, ವೆಚ್ಚದ ವರದಿ ಎಂದು ಹತ್ತು ಮೆಟ್ಟಿಲು. ಒಂದಕ್ಕೆ ಒಂದು ಸಹಿ ಸಾಕು, ಇನ್ನೊಂದಕ್ಕೆ ಹತ್ತು ಕಾರಣ ಬೇಕು ಎನ್ನುವ ವ್ಯತ್ಯಾಸವೇ ಅವನನ್ನು ಚುಚ್ಚುವುದು, ಮೊತ್ತವಲ್ಲ. 2024ರ ಮೇ 10ರಂದು ಅಮೀರ್ ಶೇಖ್ ಮಿಶಲ್ ಸಂಸತ್ತನ್ನು ವಿಸರ್ಜಿಸಿ ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಟ್ಟ ಮೇಲೆ ಈ ಬೇಡಿಕೆಗೆ ಇದ್ದ ವೇದಿಕೆಯೂ ಹೋಯಿತು. ಸಂಸತ್ತು ವರ್ಷಗಟ್ಟಲೆ ತಡೆದಿದ್ದ ಸಾರ್ವಜನಿಕ ಸಾಲದ ಕಾನೂನು 2025ರ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂತು, 30 ಬಿಲಿಯನ್ ದಿನಾರ್ ಮಿತಿಯೊಂದಿಗೆ. ಪ್ರಜೆಯ ಸಾಲವನ್ನು ಸರ್ಕಾರ ಕೊಳ್ಳಲಿಲ್ಲ, ತಾನೇ ಸಾಲಕ್ಕೆ ಇಳಿಯಿತು.

ಕೊನೆಗೆ ನಿಮ್ಮ ಸಾಲದ ವಿಚಾರ. ಆಸೆ ಇಟ್ಟುಕೊಳ್ಳಬೇಡಿ. ಸಾಲಮನ್ನಾದ ಕರಡುಗಳೆಲ್ಲ ಪ್ರಜೆಗಳಿಗಾಗಿಯೇ ಬರೆದವು. 2020ರಲ್ಲಿ ಕೊರೋನಾ ಬಂದಾಗ ಬ್ಯಾಂಕುಗಳು ತಮ್ಮ ಖರ್ಚಿನಲ್ಲೇ ಆರು ತಿಂಗಳ ಕಂತು ಮುಂದೂಡಿದವು. ಅದರ ಲಾಭ ಹೊರನಾಡಿನವರಿಗೂ ಸಿಕ್ಕಿತ್ತು, ನಿಮಗೆ ನೆನಪಿರಬಹುದು. 2021ರಲ್ಲಿ ಕಾನೂನು ಮಾಡಿ ಸರ್ಕಾರದ ಖರ್ಚಿನಲ್ಲಿ ಮತ್ತೆ ಮುಂದೂಡಿದಾಗ ಕುವೈತಿಗಳಿಗೆ ಮಾತ್ರ. ಊರಿಗೆ ಹೋದರೆ ಸಾಲ ಅಲ್ಲೇ ಸತ್ತುಹೋಗುತ್ತದೆ ಎಂದು ರೂಮಿನಲ್ಲಿ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. 2024ರಲ್ಲಿ ಅಲ್ಲಿಯ ಬ್ಯಾಂಕೊಂದು ಸಾಲ ಬಾಕಿ ಉಳಿಸಿ ಮರಳಿದವರ ಪಟ್ಟಿ ಹಿಡಿದು ಕೇರಳ ಪೊಲೀಸರ ಬಳಿಗೇ ಬಂದಿತ್ತು, ಪ್ರಕರಣಗಳೂ ದಾಖಲಾದವು. ಕಂತು ಭಾರವಾಗಿದ್ದರೆ ತಪ್ಪಿಸುವ ಮೊದಲೇ ಬ್ಯಾಂಕಿಗೆ ಹೋಗಿ ಮರುಹೊಂದಾಣಿಕೆ ಕೇಳಿ. ಕೆಲಸ ಬಿಟ್ಟು ಬರುವ ಯೋಚನೆಯಿದ್ದರೆ, ಸೇವಾಂತ್ಯದ ಹಣದಲ್ಲಿ ಸಾಲಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಟಿಕೆಟ್ ತೆಗೆಯುವ ಮುಂಚೆಯೇ ಲಿಖಿತವಾಗಿ ಪಡೆದುಕೊಳ್ಳಿ.